ಜೇಬಿಲ್ಲದ ಮೇಜರ್ ಸಾಹೇಬರು

“ಮನುಷ್ಯ ಕುಲ ಇದುವರೆಗೆ ಹೊಲಿಸಿಕೊಂಡ ಬಟ್ಟೆಗಳಲ್ಲೆಲ್ಲ ಅತ್ಯಂತ ಅನುಕೂಲವಾದದ್ದು ಯಾವುದು ಗೊತ್ತೇನೇ? ಸೈನ್ಯದ ಪೂರ್ಣ ಉಡುಪು!” ಎಂದು ಮೇಜರ್ ಸಾಹೇಬರು ಮೇಜು ಗುದ್ದಿದರು. ಮೇಜಿನ ಮೇಲಿದ್ದ ಚಹಾ ಲೋಟ ಬೆಚ್ಚಿ ಒಮ್ಮೆ ಸಾವಧಾನ್ ನಿಂತು, ಆಮೇಲೆ ಸ್ವಲ್ಪ ಚೆಲ್ಲಿಕೊಂಡು ವಿಶ್ರಾಮಕ್ಕೆ ಬಂತು.

ಎದುರಿಗೆ ಕೂತು ಬೀನ್ಸ್‌ನ ನಾರು ತೆಗೆಯುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. “ಹೂಂ” ಎಂದರು. ಆ “ಹೂಂ”ಗೆ ಹನ್ನೊಂದು ಅರ್ಥಗಳಿದ್ದವು. ಇವತ್ತಿನದು “ಹೇಳಿ, ಯಾರೂ ತಡೆದಿಲ್ಲ” ಎನ್ನುವ ಏಳನೆಯದು.

ಮೇಜರ್ ಸಾಹೇಬರ ಸಿಟ್ಟಿಗೆ ಕಾರಣವಿತ್ತು. ಅವರು ಸೈನ್ಯದಲ್ಲಿದ್ದದ್ದು ಇಪ್ಪತ್ತೆಂಟು ವರ್ಷ. ಅದರಲ್ಲಿ ಇಪ್ಪತ್ತೆರಡು ವರ್ಷ ಕಳೆದದ್ದು ಮುಖ್ಯ ಕಚೇರಿಯ ಸಮವಸ್ತ್ರ ಶಾಖೆಯಲ್ಲಿ. ಶತ್ರುವನ್ನು ಅವರು ಕಣ್ಣಾರೆ ಕಂಡವರಲ್ಲ. ಅವರ ಯುದ್ಧವೆಲ್ಲ ದರ್ಜಿಗಳ ಜೊತೆಗೆ. ಆ ಯುದ್ಧದ ಫಲವೇ ಇನ್ನೂರ ಹನ್ನೆರಡು ಪುಟಗಳ ‘ಪೂರ್ಣ ಉಡುಪಿನ ನಿಯಮಾವಳಿ’. ಕೋಟಿಗೆ ಹದಿನಾಲ್ಕು ಗುಂಡಿ ಇರಬೇಕು, ಕಾಲರ್ ನಾಲ್ಕು ಬೆರಳು ಎತ್ತರವಿರಬೇಕು, ಜೇಬಿನ ಮುಚ್ಚಳ ಕಾಣಬೇಕು ಆದರೆ ಜೇಬು ಇರಕೂಡದು, ಬಿಳಿ ಕೈಗವಸನ್ನು ಕವಾಯತು ಮುಗಿಯುವ ತನಕ ತೆಗೆಯತಕ್ಕದ್ದಲ್ಲ; ಎಲ್ಲವೂ ಅವರ ಕೈಬರಹದಿಂದಲೇ ಹುಟ್ಟಿದ ಶಾಸನ. ಗುಂಡಿಗಳ ನಡುವಿನ ಅಂತರದ ಬಗ್ಗೆಯೇ ಒಂಬತ್ತು ಪುಟ! ಅದಕ್ಕೇ ಅಪಾರ್ಟ್‌ಮೆಂಟಿನವರೆಲ್ಲ ಅವರ ಬೆನ್ನ ಹಿಂದೆ ‘ಗುಂಡಿ ಮೇಜರ್’ ಎನ್ನುತ್ತಿದ್ದರು. ಕಟ್ಟಡಕ್ಕೆ ಹೊಸದಾಗಿ ಬಂದ ಒಬ್ಬರು ಇದನ್ನು ತಪ್ಪಾಗಿ ತಿಳಿದು, ರಸ್ತೆಯಲ್ಲಿ ಬಿದ್ದಿದ್ದ ಗುಂಡಿ ಮುಚ್ಚಿಸಿ ಎಂದು ಅರ್ಜಿ ಹಿಡಿದು ಅವರ ಬಾಗಿಲು ತಟ್ಟಿದ್ದೂ ಉಂಟು.

ಈಗ ಸೈನ್ಯದಿಂದ ಒಂದು ಪತ್ರ ಬಂದಿತ್ತು. ಕವಾಯತಿಗೆಂದೇ ತೊಡುವ ಈ ಪೂರ್ಣ ಉಡುಪು ಇನ್ನು ಬೇಕೋ ಬೇಡವೋ ಎಂದು ತೀರ್ಮಾನಿಸಲು ಒಂದು ಸಮಿತಿ ಕೂತಿದೆ, ನಿಯಮ ಬರೆದವರ ಅಭಿಪ್ರಾಯ ಕೇಳಲು ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಒಬ್ಬ ಕ್ಯಾಪ್ಟನ್ ಮನೆಗೆ ಬರುತ್ತಾರೆ, ಎಂದು. ಪತ್ರದಲ್ಲಿ ‘ಪ್ರಾಯೋಗಿಕವಲ್ಲ’ ಎಂಬ ಪದ ಮೂರು ಸಲ ಇತ್ತು. ಮೂರು ಸಲವೂ ಅದು ಮೇಜರ್ ಸಾಹೇಬರ ಎದೆಗೆ ನೇರವಾಗಿ ನಾಟಿತ್ತು. ಜೊತೆಯವರಿಗೆ ಪದಕಗಳಿದ್ದವು, ಗಾಯದ ಕಲೆಗಳಿದ್ದವು, ಹೇಳಿಕೊಳ್ಳಲು ಕತೆಗಳಿದ್ದವು. ಇವರಿಗಿದ್ದದ್ದು ಇನ್ನೂರ ಹನ್ನೆರಡು ಪುಟ. ಅದೂ ಹೋದರೆ ಉಳಿಯುವುದೇನು?

“ಅನುಕೂಲ ಅಂತೀರಲ್ಲ,” ಎಂದರು ಹೆಂಡತಿ ಕೊನೆಗೂ ತಲೆ ಎತ್ತಿ. “ಹಾಗಾದ್ರೆ ಗುರುವಾರ ಎದ್ದಾಗಿಂದ ಅದನ್ನೇ ಹಾಕ್ಕೊಳ್ಳಿ. ಹಾಕ್ಕೊಂಡು ಮನೆ ಕೆಲಸ ಮಾಡಿ. ಕ್ಯಾಪ್ಟನ್ ಬಂದಾಗ ಬಾಯಲ್ಲಿ ಹೇಳೋದೇ ಬೇಡ, ಕಣ್ಣಲ್ಲೇ ನೋಡ್ತಾರೆ.”

ಈಕೆ ಮೂವತ್ತು ವರ್ಷ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವರು. ಇಡೀ ಕಟ್ಟಡಕ್ಕೆ ‘ಸಿಸ್ಟರಮ್ಮ’. ಅವರ ಸಮವಸ್ತ್ರಕ್ಕೆ ನಿಯಮಾವಳಿ ಇತ್ತೋ ಇಲ್ಲವೋ ಗೊತ್ತಿಲ್ಲ, ಎರಡು ದೊಡ್ಡ ಜೇಬುಗಳಂತೂ ಇದ್ದವು. ನಿವೃತ್ತಿಯಾದ ಮೇಲೂ ಅವರು ಜೇಬಿಲ್ಲದ ಉಡುಪನ್ನು ಉಡುಪೆಂದು ಒಪ್ಪಿದವರಲ್ಲ.

“ಹಾಲು, ಚಹಾ, ಕಸ, ಎಲ್ಲ ಮಾಡ್ತೀನಿ!” ಎಂದರು ಮೇಜರ್ ಸಾಹೇಬರು.

“ಕಸಾನೂನಾ?”

“ಕಸ ಅಂದ್ರೆ ಏನಂದ್ಕೊಂಡಿದೀಯ? ಆ ಉಡುಪಿನಲ್ಲಿ ಕಸ ಹಾಕೋಕೆ ಹೋದ್ರೆ ಕಸಕ್ಕೇ ಮರ್ಯಾದೆ!”

ಗುರುವಾರ ಬೆಳಿಗ್ಗೆ ಆರು ಗಂಟೆಗೆ ಪೆಟ್ಟಿಗೆ ತೆರೆಯಿತು. ಕಡುಗೆಂಪು ಕೋಟು, ಬಂಗಾರದ ಬಣ್ಣದ ಗುಂಡಿಗಳು, ಬೂಟಿನಡಿಗೆ ಪಟ್ಟಿ ಬಿಗಿಯುವ ಪ್ಯಾಂಟು, ಬಿಳಿ ಗರಿಗಳ ಹೆಲ್ಮೆಟ್ಟು, ಕತ್ತಿ. ಪ್ಯಾಂಟು ಹೇಗೋ ಏರಿತು. ಕೋಟಿನ ಮೊದಲ ಎಂಟು ಗುಂಡಿಗಳೂ ಶರಣಾದವು. ಒಂಬತ್ತನೆಯದು ಮಾತ್ರ ಬಂಡಾಯ ಎದ್ದಿತು.

“ಬಟ್ಟೆ ಕುಗ್ಗಿದೆ ಕಣೇ.”

“ಹೌದು ರೀ. ತೋಳು ಹಾಗೇ ಇದೆ, ಬೆನ್ನು ಹಾಗೇ ಇದೆ, ಹೊಟ್ಟೆ ಹತ್ರ ಮಾತ್ರ ಕುಗ್ಗಿದೆ. ಎಂಥ ಜಾಣ ಬಟ್ಟೆ! ಉಸಿರು ಬಿಡಿ.”

“ಬಿಟ್ಟೆ.”

“ಪೂರ್ತಿ ಬಿಡಿ.”

“ಇನ್ನು ಬಿಟ್ರೆ ಪ್ರಾಣಾನೇ ಬಿಡ್ಬೇಕು!”

ಸಿಸ್ಟರಮ್ಮ ಚಮಚದ ಹಿಡಿಯನ್ನು ಗುಂಡಿಯ ಕಣ್ಣಿಗೆ ತೂರಿಸಿ, ಮೊಣಕಾಲನ್ನು ಗಂಡನ ಬೆನ್ನಿಗೆ ಊರಿ ಎಳೆದರು. ಟಪ್ ಎಂದು ಒಂಬತ್ತನೆಯದೂ ಕೂತಿತು. ಉಳಿದ ಐದು ತಕರಾರಿಲ್ಲದೆ ಹಿಂಬಾಲಿಸಿದವು. ಈ ಗುಂಡಿಗಳನ್ನು ಹಾಕಲು ನಿಜಕ್ಕೂ ಗುಂಡಿಗೆ ಬೇಕು!

ಮೇಜರ್ ಸಾಹೇಬರು ಕನ್ನಡಿಯ ಮುಂದೆ ನಿಂತರು. ನಾಲ್ಕು ನಿಮಿಷ ಅಲ್ಲಾಡಲಿಲ್ಲ. ಅಲ್ಲಾಡಲು ಆಗುತ್ತಲೂ ಇರಲಿಲ್ಲ ಎನ್ನುವುದು ಬೇರೆ ಮಾತು. ಕನ್ನಡಿಯಲ್ಲಿ ನಿಂತಿದ್ದವನಿಗೆ ಮಂಡಿನೋವಿರಲಿಲ್ಲ, ಬಿಪಿ ಮಾತ್ರೆ ಇರಲಿಲ್ಲ, ಪಿಂಚಣಿ ಇರಲಿಲ್ಲ. ಸತ್ಯ ಹೇಳಬೇಕೆಂದರೆ ಸಿಸ್ಟರಮ್ಮನೂ ಅರ್ಧ ನಿಮಿಷ ನೋಡಿದರು. “ಚೆನ್ನಾಗೇ ಕಾಣ್ತೀರಿ ಬಿಡಿ,” ಎಂದರು. ಆ ಒಂದು ಮಾತು ಆಡದಿದ್ದರೆ ಮೇಜರ್ ಸಾಹೇಬರು ಬಹುಶಃ ಏಳು ಗಂಟೆಗೇ ಸೋಲೊಪ್ಪಿಕೊಂಡು ಬನಿಯನ್ನಿಗೆ ಮರಳುತ್ತಿದ್ದರು.

ಮೊದಲ ತೊಡಕು ಚಹಾದಲ್ಲಿ ಬಂತು. ನಾಲ್ಕು ಬೆರಳಿನ ಕಾಲರ್ ಗದ್ದವನ್ನು ಆಕಾಶಕ್ಕೆ ಒಪ್ಪಿಸಿಬಿಟ್ಟಿತ್ತು. ಲೋಟ ಎಲ್ಲಿದೆ ಎಂದು ನೋಡಲು ಕಣ್ಣು ಕೆಳಗೆ ಇಳಿಯಲೊಲ್ಲದು. ಮೇಜರ್ ಸಾಹೇಬರು ಅಂದಾಜಿನ ಮೇಲೆ ಲೋಟ ಎತ್ತಿ, ಅಂದಾಜಿನ ಮೇಲೆ ಬಾಯಿಗೆ ತಂದು, ಖಚಿತವಾಗಿ ಕೈಗವಸಿನ ಮೇಲೆ ಸುರಿದುಕೊಂಡರು.

ಆಮೇಲೆ ಹಾಲು. ಒಲೆಯ ಮುಂದೆ ಕಾವಲುಗಾರನಂತೆ ನೆಟ್ಟಗೆ ನಿಂತು ಎದುರಿನ ಗೋಡೆಯನ್ನು ನೋಡುತ್ತಿದ್ದರು. ಒಳಗಿನ ಕೋಣೆಯಿಂದ ಹೆಂಡತಿ ಕೂಗಿದರು: “ರೀ, ಹಾಲು ಉಕ್ತಿದೆ!”

“ಯಾವ ದಿಕ್ಕಿನಲ್ಲಿ?”

ದಿಕ್ಕು ಗೊತ್ತಾಗುವ ಹೊತ್ತಿಗೆ ಹಾಲು ಎಲ್ಲ ದಿಕ್ಕುಗಳನ್ನೂ ವಶಪಡಿಸಿಕೊಂಡಿತ್ತು. ಒಲೆ ಆರಿಸಲು ಗಡಿಬಿಡಿಯಿಂದ ತಿರುಗಿದರೆ ಕತ್ತಿಯೂ ತಿರುಗಿತು. ಸಕ್ಕರೆ ಡಬ್ಬ ನೆಲಕ್ಕೆ. ನೆಲದ ಸಕ್ಕರೆ ಬಾಚೋಣವೆಂದರೆ ಬಗ್ಗಲು ಆಗದು. ಹಿಂದಕ್ಕೆ ಸರಿದು ಹಜಾರಕ್ಕೆ ಬಂದರೆ ಹೆಲ್ಮೆಟ್ಟಿನ ಗರಿ ತಿರುಗುತ್ತಿದ್ದ ಫ್ಯಾನಿಗೆ ಸಿಕ್ಕಿ, ಹಜಾರದ ತುಂಬ ಕೋಳಿಗೂಡಿಗೆ ನರಿ ಹೊಕ್ಕಂತಾಯಿತು.

“ನಿಯಮಾವಳಿಯಲ್ಲಿ ಫ್ಯಾನಿನ ಬಗ್ಗೆ ಏನೂ ಬರೆದಿಲ್ಲ,” ಎಂದರು ಮೇಜರ್ ಸಾಹೇಬರು, ತಲೆಯ ಮೇಲೆ ಉಳಿದಿದ್ದ ನಾಲ್ಕು ಗರಿಗಳನ್ನು ಸರಿಪಡಿಸುತ್ತ.

“ಫ್ಯಾನಿಗೆ ಓದಿ ಹೇಳ್ಬೇಕಿತ್ತು,” ಎಂದರು ಸಿಸ್ಟರಮ್ಮ, ಪೊರಕೆ ಹಿಡಿದು. “ಸೋತೆ ಅಂತೀರಾ?”

“ಯಾರು, ನಾನಾ? ಕಸದ ಬಕೆಟ್ ಎಲ್ಲಿ?”

ಹತ್ತು ಗಂಟೆಗೆ ಸಿಸ್ಟರಮ್ಮ ಎರಡನೇ ಮಹಡಿಯಲ್ಲಿ ಹಾಸಿಗೆ ಹಿಡಿದಿದ್ದ ಒಬ್ಬರಿಗೆ ಇಂಜೆಕ್ಷನ್ ಕೊಡಲು ಹೊರಟರು. “ಬಾಗಿಲು ಎಳೆದ್ರೆ ಬೀಗ ಬಿದ್ದುಬಿಡುತ್ತೆ. ಬೀಗದ ಕೈ ಜೇಬಿಗೆ ಹಾಕ್ಕೊಳ್ಳಿ,” ಎಂದು ಹೇಳಿ, ಒಂದು ಕ್ಷಣ ನಿಂತು, ನಕ್ಕು ಹೋದರು.

ಯಾಕೆ ನಕ್ಕರೆಂದು ಮೇಜರ್ ಸಾಹೇಬರಿಗೆ ಬೀಗದ ಕೈ ಹಿಡಿದು ನಿಂತಾಗಲೇ ಗೊತ್ತಾದದ್ದು. ಕೋಟಿನಲ್ಲಿ ನಾಲ್ಕು ಜೇಬಿನ ಮುಚ್ಚಳಗಳು. ನಾಲ್ಕೂ ಭದ್ರವಾಗಿ ಹೊಲಿದವು. ‘ಜೇಬಿದ್ದರೆ ಅಧಿಕಾರಿ ಅದರೊಳಗೆ ಕೈಯಿಡುತ್ತಾನೆ, ಕೈಯಿಟ್ಟರೆ ಭುಜ ಜೋಲುತ್ತದೆ, ಭುಜ ಜೋತರೆ ಸೈನ್ಯ ಜೋತಂತೆ’ ಎಂದು ಎಂಬತ್ತೆಂಟನೇ ಪುಟದಲ್ಲಿ ಬರೆದವರು ಬೇರೆ ಯಾರೂ ಅಲ್ಲ! ಅವರು ಆ ಪುಟ ಬರೆದವನನ್ನು ಮನಸ್ಸಿನಲ್ಲೇ ಒಂದು ಮಾತು ಬೈದು, ಬೀಗದ ಕೈಯನ್ನು ಕೈಗವಸಿನೊಳಗೆ ತುರುಕಿಕೊಂಡರು. ಬಾಗಿಲು ಎಳೆದರು. ಬಾಗಿಲು ಕ್ಲಿಕ್ ಎಂದಿತು. ಓರೆಯಾಗಿದ್ದ ಹೆಲ್ಮೆಟ್ಟನ್ನು ನೇರ ಮಾಡಲು ಕೈ ಮೇಲೆತ್ತಿದರು. ಬೀಗದ ಕೈ ತಣ್ಣಗೆ ಮಣಿಕಟ್ಟು ದಾಟಿ, ಮೊಣಕೈ ದಾಟಿ, ಕಂಕುಳಲ್ಲಿ ಒಂದು ಕ್ಷಣ ದಣಿವಾರಿಸಿಕೊಂಡು, ಕೋಟಿನೊಳಗೆ ಇಳಿದು ಒಂಬತ್ತನೇ ಗುಂಡಿಯ ಮೇಲ್ಗಡೆ ಬಿಡಾರ ಹೂಡಿತು.

ಕೈಗವಸು ತೊಟ್ಟ ಬೆರಳಿಗೆ ಗುಂಡಿ ಬಿಚ್ಚಲು ಆಗದು. ಕೈಗವಸು ತೆಗೆಯಲು ನಿಯಮ ಒಪ್ಪದು. ಆದದ್ದಾಗಲಿ, ಮೊದಲು ಕಸ ಹಾಕಿ ಬರೋಣ ಎಂದು ಅವರು ಬಕೆಟ್ ಹಿಡಿದು ಲಿಫ್ಟ್ ಹತ್ತಿದರು. ಅದು ಕಬ್ಬಿಣದ ಜಾಲರಿ ಬಾಗಿಲಿನ ಹಳೇ ಲಿಫ್ಟು. ಕೆಳಗೆ ಹೋಗಿ ಬಕೆಟ್ ಖಾಲಿ ಮಾಡಿ ಮರಳಿ ಬಂದು ನಿಂತಿದ್ದರಷ್ಟೆ, ಐದನೇ ಮಹಡಿಯ ಅಜ್ಜಿ ತರಕಾರಿ ಚೀಲದೊಂದಿಗೆ ಒಳಗೆ ಬಂದರು. ಅಜ್ಜಿಗೆ ಕಣ್ಣು ಮಂಜು.

“ಅಬ್ಬ! ಕೊನೆಗೂ ಲಿಫ್ಟಿಗೆ ಒಬ್ಬ ಆಳು ಇಟ್ರಲ್ಲ! ಡ್ರೆಸ್ಸೂ ಚೆನ್ನಾಗಿ ಕೊಟ್ಟಿದಾರೆ. ಐದನೇದು ಒತ್ತಪ್ಪ.”

ಮೇಜರ್ ಸಾಹೇಬರು ತಾವು ಯಾರೆಂದು ಹೇಳಲು ಬಾಯಿ ತೆರೆದರು. ಆದರೆ ಕೈಯಲ್ಲಿ ಕಸದ ಬಕೆಟ್ ಹಿಡಿದುಕೊಂಡು ‘ನಾನು ಮೇಜರ್’ ಎಂದರೆ ಗೌರವ ಹೆಚ್ಚುತ್ತದೆಯೋ ಇಳಿಯುತ್ತದೆಯೋ ಎಂಬ ಪ್ರಶ್ನೆ ಎದ್ದಿತು. ಬಾಯಿ ಮುಚ್ಚಿದರು. ಇಪ್ಪತ್ತೆರಡು ವರ್ಷ ಗುಂಡಿಗಳ ಬಗ್ಗೆ ಬರೆದ ಆ ಕೈ, ಲಿಫ್ಟಿನ ಐದನೇ ಗುಂಡಿಯನ್ನು ಒತ್ತಿತು.

ಐದನೇ ಮಹಡಿಯಲ್ಲಿ ಅಜ್ಜಿ ಇಳಿದರೆ ಟ್ಯೂಷನ್ ಮಾಸ್ತರರು ಹತ್ತಿದರು. “ಕೆಳಗೆ,” ಎಂದರು, ಪುಸ್ತಕದಿಂದ ಕಣ್ಣೆತ್ತದೆ. ಕೆಳಗೆ ಗ್ಯಾಸ್ ಸಿಲಿಂಡರಿನವನು ಕಾದಿದ್ದ. “ನಾಲ್ಕು, ಅಣ್ಣ.” ಹೀಗೆ ಮೂರು ಸುತ್ತು! ಮೂರನೇ ಸುತ್ತಿನಲ್ಲಂತೂ ಮೇಜರ್ ಸಾಹೇಬರು ತಮಗೇ ತಿಳಿಯದೆ ‘ಬಾಗಿಲ ಹತ್ರ ನಿಲ್ಬೇಡಿ’ ಎಂದು ಎಚ್ಚರಿಸಲೂ ಶುರುಮಾಡಿದ್ದರು.

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಕೆಳಗೆ ಜಾಲರಿ ತೆರೆದದ್ದು ಒಬ್ಬ ಯುವತಿ. ಮಾಸಲು ಹಸಿರಿನ ದುಡಿಮೆಯ ಸಮವಸ್ತ್ರ, ಮೊಣಕೈವರೆಗೆ ಮಡಿಸಿದ ತೋಳು, ಲೆಕ್ಕವಿಲ್ಲದಷ್ಟು ಜೇಬುಗಳು. ಆಕೆ ಕಡುಗೆಂಪು ಕೋಟು ನೋಡಿದರು, ನಾಲ್ಕು ಗರಿ ನೋಡಿದರು, ಬಕೆಟ್ ನೋಡಿದರು. ಆಮೇಲೆ ಹಿಮ್ಮಡಿ ಕೂಡಿಸಿ ಸೆಲ್ಯೂಟ್ ಹೊಡೆದರು.

“ಮೇಜರ್ ಸರ್? ನಾನು ಕ್ಯಾಪ್ಟನ್, ಸಮಿತಿಯಿಂದ.”

ಮೇಜರ್ ಸಾಹೇಬರ ಬಲಗೈಯಲ್ಲಿ ಬಕೆಟ್ಟು. ಅದನ್ನು ಎಡಗೈಗೆ ದಾಟಿಸಿದರು. ಬಕೆಟ್ ಕತ್ತಿಗೆ ಬಡಿಯಿತು. ಕತ್ತಿಯನ್ನು ಹಿಂದೆ ಸರಿಸಿ, ಜಾಗ ಬಿಟ್ಟು, ಸೆಲ್ಯೂಟ್ ಹೊಡೆದು, “ಬನ್ನಿ ಬನ್ನಿ, ಮೂರನೇ ಮಹಡಿ,” ಎಂದು ಗುಂಡಿ ಒತ್ತಿದರು. ಕತ್ತಿಯ ಒರೆಯ ತುದಿ ಜಾಲರಿಯ ಸಂದಿಯಿಂದ ಒಂದು ಗೇಣು ಹೊರಗೆ ಚಾಚಿದ್ದನ್ನು ಇಬ್ಬರೂ ಗಮನಿಸಲಿಲ್ಲ. ಮೇಜರ್ ಸಾಹೇಬರಿಗೆ ಕೆಳಗೆ ನೋಡಲು ಕಾಲರ್ ಬಿಡಬೇಕಲ್ಲ!

ಎರಡನೇ ಮಹಡಿ ದಾಟಿತು. ಖಣ್! ಒರೆಯ ತುದಿ ಮೇಲಿನ ತೊಲೆಗೆ ಸಿಕ್ಕಿ, ಜಾಲರಿ ಬಾಗಿಲು ಒಂದಿಷ್ಟು ತೆರೆದು, ಲಿಫ್ಟು ಗಕ್ಕನೆ ನಿಂತಿತು. ಮೇಜರ್ ಸಾಹೇಬರು ಎಡಸೊಂಟದಿಂದ ಜಾಲರಿಗೆ ಅಂಟಿಕೊಂಡರು.

“ಸರ್, ಅಲ್ಲಾಡ್ಬೇಡಿ,” ಎಂದರು ಕ್ಯಾಪ್ಟನ್.

“ಅಲ್ಲಾಡೋ ಪ್ರಶ್ನೇನೇ ಇಲ್ಲ.”

ಕ್ಯಾಪ್ಟನ್ ಒಂದು ಜೇಬಿನಿಂದ ಟಾರ್ಚ್ ತೆಗೆದರು, ಇನ್ನೊಂದರಿಂದ ಸೀಟಿ ತೆಗೆದು ಊದಿದರು, ಮೂರನೆಯದರಿಂದ ಪೆಪ್ಪರ್‌ಮಿಂಟ್ ತೆಗೆದು ಮೇಜರ್ ಸಾಹೇಬರ ಬಾಯಿಗೆ ಹಾಕಿದರು. ಮಂಡಿಯೂರಿ ಕತ್ತಿಯನ್ನು ಪರೀಕ್ಷಿಸಿದರು.

“ಸರ್, ಈ ಪಟ್ಟಿಯ ಕೊಕ್ಕೆ ಎಲ್ಲಿದೆ? ಬಿಚ್ಚಿದ್ರೆ ಒರೆ ಎಳ್ಕೋಬಹುದು.”

“ಕೋಟಿನ ಒಳಗಿದೆ. ಗುಂಡಿ ಎಲ್ಲಾ ಬಿಚ್ಬೇಕು.”

“ಒಳಗೆ ಯಾಕೆ ಸರ್?”

“ಹೊರಗಿದ್ರೆ... ಚೆನ್ನಾಗಿ ಕಾಣಲ್ಲ.”

ಕ್ಯಾಪ್ಟನ್ ನಾಲ್ಕನೇ ಜೇಬಿನಿಂದ ನೋಟುಪುಸ್ತಕ ತೆಗೆದು ಏನೋ ಬರೆದುಕೊಂಡರು.

“ಜೇಬು ಯಾಕಿಲ್ಲ ಸರ್?”

“ಉಬ್ಬಿಕೊಂಡ್ರೆ ಚೆನ್ನಾಗಿ ಕಾಣಲ್ಲ.”

“ಕಾಲರ್ ಇಷ್ಟೆತ್ತರ?”

“ಚೆನ್ನಾಗಿ ಕಾಣುತ್ತೆ.”

ಹೇಳುತ್ತ ಹೇಳುತ್ತ ಮೇಜರ್ ಸಾಹೇಬರ ದನಿ ಇಳಿಯಿತು. ಇನ್ನೂರ ಹನ್ನೆರಡು ಪುಟ ಬರೆದಿದ್ದರು. ಅದರೊಳಗಿನ ಸಾವಿರ ‘ಯಾಕೆ’ಗಳಿಗೆ ಉತ್ತರವಾಗಿ ಒಂದೇ ಸಾಲು ಸಾಕಾಗಿತ್ತು ಎಂದು, ನಡುವೆ ನೇತಾಡುವ ಲಿಫ್ಟಿನಲ್ಲಿ, ಬಾಯಲ್ಲಿ ಪೆಪ್ಪರ್‌ಮಿಂಟ್ ಇಟ್ಟುಕೊಂಡು, ಅವರಿಗೆ ಮೊದಲ ಬಾರಿ ಹೊಳೆಯಿತು. ಕಾಲರ್ ತಲೆ ತಗ್ಗಿಸಲು ಬಿಡಲಿಲ್ಲವಾದ್ದರಿಂದ ಅವರು ತಲೆ ಎತ್ತಿಕೊಂಡೇ ನಾಚಿಕೊಂಡರು.

“ಬರ್ಕೊಳ್ಳಮ್ಮ,” ಎಂದರು ಮೆಲ್ಲಗೆ. “ಪ್ರಾಯೋಗಿಕವಲ್ಲ.”

ಕ್ಯಾಪ್ಟನ್ ಬರೆಯಲಿಲ್ಲ. ಪೆನ್ನು ತಡೆದು ಹಿಡಿದರು. “ಸರ್, ಒಂದು ಮಾತು. ನನಗೆ ಎಂಟು ವರ್ಷ ಇದ್ದಾಗ ಅಪ್ಪನ ಹೆಗಲ ಮೇಲೆ ಕೂತು ಈ ಉಡುಪಿನವರ ಕವಾಯತು ನೋಡಿದ್ದೆ. ಅವತ್ತೇ ಸೈನ್ಯ ಸೇರ್ತೀನಿ ಅಂತ ಹಟ ಹಿಡಿದೆ. ಸೇರಿದ ಮೇಲೆ ಜೇಬಿರೋದನ್ನ ಕೊಟ್ರು, ಬದುಕ್ಕೊಂಡೆ.”

ಮೇಜರ್ ಸಾಹೇಬರ ಕಣ್ಣು ತುಂಬಿತು. ಒರೆಸಿಕೊಳ್ಳೋಣವೆಂದರೆ ಕೈಗವಸಿನ ತುಂಬ ಚಹಾ. ಕರವಸ್ತ್ರ ಇಡಲು ಜೇಬಿಲ್ಲ. ಕ್ಯಾಪ್ಟನ್ ಐದನೇ ಜೇಬಿನಿಂದ ತಮ್ಮ ಕರವಸ್ತ್ರ ಕೊಟ್ಟರು.

ಅಷ್ಟರಲ್ಲಿ ಸೀಟಿ ಕೇಳಿ ಎರಡನೇ ಮಹಡಿಯ ಬಾಗಿಲಲ್ಲಿ ಸಿಸ್ಟರಮ್ಮ ಬಂದು ನಿಂತಿದ್ದರು. ಲಿಫ್ಟಿನ ನೆಲ ಅವರ ಹಣೆಮಟ್ಟದಲ್ಲಿತ್ತು. ಅವರಿಗೆ ಕಂಡದ್ದು ಬೂಟು ಮತ್ತು ಬಕೆಟ್ಟು ಮಾತ್ರ.

“ರೀ, ಬೂಟು ಚೆನ್ನಾಗಿ ಹೊಳೀತಿದೆ.”

“ತಮಾಷೆ ಸಾಕು ಕಣೇ! ಕತ್ತಿ ಸಿಕ್ಕಾಕ್ಕೊಂಡಿದೆ!”

“ಅಮ್ಮ, ಪಟ್ಟಿ ಕತ್ತರಿಸ್ಬೇಕು, ಏನಾದ್ರೂ ಇದ್ಯಾ?” ಎಂದರು ಕ್ಯಾಪ್ಟನ್ ಬಗ್ಗಿ.

ಸಿಸ್ಟರಮ್ಮನ ಕೈ ಜೇಬಿಗೆ ಹೋಯಿತು. ಬ್ಯಾಂಡೇಜ್ ಕತ್ತರಿ ಜಾಲರಿಯ ಸಂದಿಯಿಂದ ಒಳಗೆ ಬಂತು. ಕರಕ್ ಎಂದು ತೊಗಲಿನ ಪಟ್ಟಿ ತುಂಡಾದಾಗ ಮೇಜರ್ ಸಾಹೇಬರು ತಮ್ಮದೇ ಬೆರಳು ಹೋದಂತೆ ಕಣ್ಣು ಮುಚ್ಚಿದರು. ಕ್ಯಾಪ್ಟನ್ ಒರೆಯನ್ನು ತಿರುಗಿಸಿ ಒಳಗೆಳೆದು ಜಾಲರಿ ಮುಚ್ಚಿದರು. ಲಿಫ್ಟು ನಿಟ್ಟುಸಿರಿಟ್ಟು ಮೇಲೇರಿತು.

ಮೂರನೇ ಮಹಡಿಯಲ್ಲಿ ಇನ್ನೊಂದು ಪ್ರಕರಣ ಬಾಕಿ ಇತ್ತಲ್ಲ! “ಬೀಗದ ಕೈ ಕೋಟಿನೊಳಗಿದೆ,” ಎಂದು ಮೇಜರ್ ಸಾಹೇಬರು ತಪ್ಪೊಪ್ಪಿಕೊಂಡರು. ನಿಯಮಾವಳಿಗೆ ಕೈಮುಗಿದು ಕೈಗವಸು ಕಿತ್ತು, ಬಾಗಿಲಿಗೆ ಬೆನ್ನು ಮಾಡಿ ನಿಂತು ಒಂದೊಂದಾಗಿ ಗುಂಡಿ ಬಿಚ್ಚತೊಡಗಿದರು. ಕ್ಯಾಪ್ಟನ್ ಮರ್ಯಾದೆಗೆ ಗೋಡೆ ಕಡೆ ತಿರುಗಿದರು, ಆದರೆ ಗಡಿಯಾರ ನೋಡುವುದನ್ನು ಬಿಡಲಿಲ್ಲ. ಹನ್ನೊಂದು ನಿಮಿಷ. ಒಂಬತ್ತನೆಯದು ಬಿಚ್ಚಿದ್ದೇ ತಡ, ಹೊಟ್ಟೆ ಸ್ವಾತಂತ್ರ್ಯ ಘೋಷಿಸಿತು, ಬೀಗದ ಕೈ ಠಣ್ಣೆಂದು ನೆಲಕ್ಕೆ ಬಿತ್ತು. ಮೇಜರ್ ಸಾಹೇಬರು ಗೆದ್ದವರಂತೆ ಅದನ್ನೆತ್ತಿಕೊಂಡು ತಿರುಗಿದರೆ ಬಾಗಿಲು ಹಾರು ಹೊಡೆದಿತ್ತು. ಮೆಟ್ಟಿಲು ಹತ್ತಿ ಬಂದಿದ್ದ ಸಿಸ್ಟರಮ್ಮ ಆಗಲೇ ಒಳಗೆ ಚಹಾಕ್ಕೆ ನೀರಿಟ್ಟಿದ್ದರು.

“ನಿನ್ನ ಹತ್ರ ಬೀಗದ ಕೈ ಇತ್ತಾ?”

“ಇತ್ತು ರೀ.”

“ಮತ್ತೆ ಮೊದಲೇ ಹೇಳ್ಬಾರ್ದಿತ್ತಾ?”

“ಅಷ್ಟು ಶ್ರದ್ಧೆಯಿಂದ ಬಿಚ್ತಿದ್ರಿ. ನಡುವೆ ಬಾಯಿ ಹಾಕಿದ್ರೆ ಚೆನ್ನಾಗಿ ಕಾಣಲ್ಲ ಅಂತ ಸುಮ್ನಾದೆ.”

ಬನಿಯನ್ನಿನ ಮೇಲೊಂದು ಅಂಗಿ ಹಾಕಿಕೊಂಡು, ಕುರ್ಚಿಯಲ್ಲಿ ಕೂತು, ಗದ್ದ ತಗ್ಗಿಸಿ ಚಹಾ ಕುಡಿಯುತ್ತ ಮೇಜರ್ ಸಾಹೇಬರು ಕ್ಯಾಪ್ಟನ್‌ಗೆ ಎರಡು ಗಂಟೆ ಅಭಿಪ್ರಾಯ ಹೇಳಿದರು. ಒಂದೊಂದು ನಿಯಮವನ್ನೂ ತಾವೇ ಓದಿದರು, ತಾವೇ ನಕ್ಕರು, ಕೆಲವನ್ನು ಇರಲಿ ಎಂದು ಬೇಡಿಕೊಂಡರು. ವರ್ಷಕ್ಕೊಂದು ಕವಾಯತಿಗೆ, ಯಾರದೋ ಹೆಗಲ ಮೇಲೆ ಕೂತ ಎಂಟು ವರ್ಷದವರು ನೋಡುವುದಕ್ಕೆ, ಆ ಕಡುಗೆಂಪು ಉಳಿಯಲಿ ಎಂದರು. ಒಂದೇ ಒಂದು ಜೇಬು ಇಡಿ ಎಂದೂ ಸೇರಿಸಿದರು.

ಎರಡು ತಿಂಗಳ ಮೇಲೆ ಸಮಿತಿಯ ತಿದ್ದುಪಡಿ ಬಂತು. ಪೂರ್ಣ ಉಡುಪು ವರ್ಷಕ್ಕೊಮ್ಮೆಗೆ ಉಳಿದಿತ್ತು. ಎಡಗಡೆ ಒಂದು ನಿಜವಾದ ಜೇಬಿಗೆ ಮಂಜೂರಾತಿ ಸಿಕ್ಕಿತ್ತು. ಮೇಜರ್ ಸಾಹೇಬರು ಎದ್ದು ನಿಂತು ಗಂಭೀರ ದನಿಯಲ್ಲಿ ಓದಿದರು. ಸಿಸ್ಟರಮ್ಮ ಕನ್ನಡಕ ಒರೆಸುತ್ತ ಕೇಳಿಸಿಕೊಂಡರು. ಕೊನೆಯ ನಿಯಮಕ್ಕೆ ಬಂದಾಗ ಮೇಜರ್ ಸಾಹೇಬರ ದನಿ ತಡವರಿಸಿತು.

“ಏನದು? ಜೋರಾಗಿ ಓದಿ.”

“‘ಪೂರ್ಣ ಉಡುಪು ಧರಿಸಿದ ಅಧಿಕಾರಿಯ ಜೊತೆಗೆ, ಕತ್ತರಿ ಹಾಗೂ ಸಾಮಾನ್ಯ ತಿಳಿವಳಿಕೆ ಉಳ್ಳ ಒಬ್ಬ ವ್ಯಕ್ತಿ ಸದಾ ಇರತಕ್ಕದ್ದು. ಉಡುಪು ಕಳಚುವವರೆಗೆ ಅಧಿಕಾರಿಯು ಸದರಿ ವ್ಯಕ್ತಿಯ ಆಜ್ಞೆಯನ್ನು ಪಾಲಿಸತಕ್ಕದ್ದು.’”

ಸಿಸ್ಟರಮ್ಮ ಕನ್ನಡಕ ಏರಿಸಿಕೊಂಡರು. “ಉಡುಪು ಕಳಚುವವರೆಗೆ ಮಾತ್ರಾನಾ? ಅಚ್ಚಿನ ತಪ್ಪಿರ್ಬೇಕು ರೀ.”

ಮೇಜರ್ ಸಾಹೇಬರು ಪೆನ್ನು ತೆಗೆದುಕೊಂಡು ಆ ಎರಡು ಪದಗಳನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿದರು.